ಮೂವತ್ತನಾಲ್ಕು ಮೆಟ್ಟಿಲಿನ ಲೈಸೆನ್ಸು

ಬಸ್ಸು ಓಡಿಸುವುದಕ್ಕೆ ಲೈಸೆನ್ಸು ಬೇಕು, ಔಷಧಿ ಮಾರುವುದಕ್ಕೆ ಬೇಕು, ನಾಯಿ ಸಾಕುವುದಕ್ಕೂ ಬೇಕು ಎಂಬುದು ಸಮಾಧಾನಪ್ಪನಿಗೆ ಗೊತ್ತಿತ್ತು. ಇನ್ನೊಬ್ಬರ ಕಷ್ಟ ಕೇಳುವುದಕ್ಕೂ ಲೈಸೆನ್ಸು ಬೇಕೆಂಬುದು ಮಾತ್ರ ನಲವತ್ತಾರು ತುಂಬುವವರೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಪುಣ್ಯಾತ್ಮ ಆ ಕೆಲಸವನ್ನು ಹದಿನೆಂಟು ವರ್ಷ ಮಾಡಿಬಿಟ್ಟಿದ್ದ.

ಅವನಿದ್ದದ್ದು ದೊಡ್ಡ ಬಸ್ ನಿಲ್ದಾಣದ ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ. ಕೊಡೆ ಕಳಕೊಂಡವರು, ಊಟದ ಡಬ್ಬಿ ಬಿಟ್ಟುಹೋದವರು, ಒಂದೇ ಒಂದು ಚಪ್ಪಲಿ ಹುಡುಕಿಕೊಂಡು ಬಂದವರು, ಎಲ್ಲರೂ ಆ ಕಿಟಕಿಗೇ ಬರಬೇಕು. ಬಂದವರು ಕೊಡೆಯಿಂದ ಶುರುಮಾಡಿ ಅಳಿಯನ ತನಕ ಹೇಳುತ್ತಿದ್ದರು. ಇವನು ಮೊಣಕೈ ಊರಿ ಕೇಳಿ, ಕೊನೆಗೆ "ಸಮಾಧಾನ ಮಾಡ್ಕೊಳ್ಳಿ" ಎನ್ನುತ್ತಿದ್ದ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವನು ಸಮಾಧಾನಪ್ಪನಾದ. ಒಂದು ದಿನ ಕನ್ನಡಕದ ಡಬ್ಬಿ ಹುಡುಕಿಕೊಂಡು ಬಂದ ಹೆಂಗಸೊಬ್ಬಳು ನಲವತ್ತು ನಿಮಿಷ ಅತ್ತು, ಮುಖ ಒರೆಸಿಕೊಂಡು, ಡಬ್ಬಿಯ ವಿಷಯವನ್ನೇ ಮರೆತು ನಗುತ್ತ ಹೊರಟುಹೋದಳು. ಅವತ್ತು ಅವನ ತಲೆಗೆ ಹೊಕ್ಕಿತು ನೋಡಿ, ತಾನೊಬ್ಬ ಸಮಾಜಕಾರ್ಯಕರ್ತ ಎಂದು.

ಮರುವಾರವೇ ಮನೆಯ ಗೇಟಿಗೆ ಬೋರ್ಡು ಬಿತ್ತು: "ಸಮಾಜಕಾರ್ಯಕರ್ತರು. ಕಷ್ಟಗಳನ್ನು ಕೇಳಲಾಗುತ್ತದೆ." ಹನ್ನೊಂದನೆಯ ದಿನ ಮಂಡಳಿಯಿಂದ ಪತ್ರ ಬಂತು. ಲೈಸೆನ್ಸಿಲ್ಲದೆ ಆ ಪದವನ್ನು ಹೆಸರಿನ ಜೊತೆ ಹಾಕಿಕೊಳ್ಳುವುದು ಅಪರಾಧ, ತಕ್ಷಣ ತೆಗೆಯತಕ್ಕದ್ದು, ಲೈಸೆನ್ಸು ಪಡೆಯುವ ಬಗೆಯನ್ನು ತಿಳಿಸುವ ಕರಪತ್ರ ಲಗತ್ತಿಸಿದೆ. ಬೇರೆ ಯಾರೇ ಆಗಿದ್ದರೂ ಬೋರ್ಡು ತೆಗೆದು ತಣ್ಣಗೆ ಕೂರುತ್ತಿದ್ದರು. ಇವನು ಬೋರ್ಡು ತೆಗೆದ, ಕರಪತ್ರ ಓದಿದ. ಅನಾಹುತ ಶುರುವಾದದ್ದು ಅಲ್ಲಿಂದ.

ಕರಪತ್ರದ ಪ್ರಕಾರ ಮೊದಲು ಪದವಿ, ಆಮೇಲೆ ಸ್ನಾತಕೋತ್ತರ ಪದವಿ, ಆಮೇಲೆ ಮಂಡಳಿಯ ಪರೀಕ್ಷೆ, ಆಮೇಲೆ ಲೈಸೆನ್ಸು ಇರುವ ಮೇಲ್ವಿಚಾರಕರ ಕೈಕೆಳಗೆ ಒಂಬೈನೂರು ಗಂಟೆ ಕೆಲಸ, ಕೊನೆಗೆ ಒಬ್ಬರ ಕೇಸನ್ನು ಶುರುವಿನಿಂದ ಮುಕ್ತಾಯದವರೆಗೆ ನಡೆಸಿ ತೋರಿಸುವುದು. ಇಷ್ಟೂ ಐವತ್ತೈದು ತುಂಬುವುದರೊಳಗೆ ಮುಗಿಯಬೇಕು. ಸಮಾಧಾನಪ್ಪ ಬೆರಳು ಮಡಿಸಿ ಎಣಿಸಿ, ಬೇಕಾದಷ್ಟು ಟೈಮಿದೆ ಕಣೆ ಎಂದ. ಅವನ ಹೆಂಡತಿ ಯಾವುದಕ್ಕೆ ಎಂದು ಕೇಳಿದಳು. ಅದಕ್ಕೆ ಅವನು ಉತ್ತರ ಕೊಡಲು ಎಂಟು ವರ್ಷ ಹಿಡಿಯಿತು.

ಆ ಎಂಟು ವರ್ಷದ ಕಥೆಯನ್ನು ವಿವರವಾಗಿ ಹೇಳಿದರೆ ಕಲ್ಲೂ ಕರಗೀತು, ಆದ್ದರಿಂದ ಬೇಡ. ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಪದವಿಗೆ ಕೂತ. ಸ್ನಾತಕೋತ್ತರದ ಮೊದಲ ದಿನ ಅವನು ಕೋಣೆಗೆ ಕಾಲಿಟ್ಟಾಗ ಇಡೀ ತರಗತಿ ಮೇಷ್ಟ್ರು ಬಂದರೆಂದು ಎದ್ದು ನಿಂತಿತು, ಹಿಂದೆಯೇ ಬಂದ ನಿಜವಾದ ಮೇಷ್ಟ್ರೂ ಗಾಬರಿಯಾಗಿ ನಮಸ್ಕಾರ ಹೊಡೆದರು. ಮಂಡಳಿಯ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ. ಪ್ರಶ್ನೆ ಪತ್ರಿಕೆಯಲ್ಲಿ "ಕೆಲಸ ಕಳೆದುಕೊಂಡ ವ್ಯಕ್ತಿ ನಿಮ್ಮೆದುರು ಅಳುತ್ತಿದ್ದಾನೆ, ನೀವು ಮೊದಲು ಏನು ಮಾಡುವಿರಿ?" ಎಂದು ಕೇಳಿದ್ದರು. ಇವನು "ಕರವಸ್ತ್ರ ಕೊಡುತ್ತೇನೆ" ಎಂದು ಬರೆದಿದ್ದ. ಸರಿಯುತ್ತರ "ನಮೂನೆ ಎರಡನ್ನು ಭರ್ತಿ ಮಾಡುವುದು" ಎಂದಿತ್ತು. ಮೂರನೆಯ ಸಲ ಕರವಸ್ತ್ರವನ್ನು ಹಲ್ಲು ಕಚ್ಚಿ ಮರೆತು ಪಾಸಾದ.

ಒಂಬೈನೂರು ಗಂಟೆಯೂ ಹೇಗೋ ಮುಗಿಯಿತು. ಅವನ ಮೇಲ್ವಿಚಾರಕಿಗೆ ಇಪ್ಪತ್ತೊಂಬತ್ತು ವರ್ಷ, ಮೇಜಿನ ಮೇಲೆ ಅರವತ್ತು ಫೈಲು, ಕಣ್ಣಿನ ಕೆಳಗೆ ಕಪ್ಪು. ಯಾರ ಹತ್ತಿರವೂ ದನಿ ಎತ್ತಿದವಳಲ್ಲ, ಪಾಪ, ಎತ್ತಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಇನ್ನು ಉಳಿದದ್ದು ಕೇಸೊಂದೇ. ಇಪ್ಪತ್ತಾರು ವಾರ, ವಾರಕ್ಕೊಮ್ಮೆ, ಒಪ್ಪಿಗೆ ಕೊಟ್ಟ ಒಬ್ಬ ಮನುಷ್ಯ. ಐವತ್ತೈದು ತುಂಬಲು ಆರೂವರೆ ತಿಂಗಳಿತ್ತು.

ಆ ಒಬ್ಬ ಮನುಷ್ಯ ಸಿಗಬೇಕಲ್ಲ? ಸಮಾಧಾನಪ್ಪ ಕಷ್ಟದಲ್ಲಿರುವವರನ್ನು ಹುಡುಕುತ್ತಿದ್ದಾನೆಂಬ ಸುದ್ದಿ ಹಬ್ಬಿದ್ದೇ ತಡ, ಬೀದಿಯಲ್ಲಿ ಕಷ್ಟವೇ ಮಾಯವಾಯಿತು. ಇವನು ಬರುವುದು ಕಂಡರೆ ಮೂಲೆಮನೆಯ ಕುಂಟುವ ಮುದುಕ ಹಲ್ಲು ಕಚ್ಚಿ ನೆಟ್ಟಗೆ ನಡೆಯುತ್ತಿದ್ದ. ದಿನಾ ಪಾತ್ರೆ ಎಸೆದಾಡಿ ಜಗಳವಾಡುತ್ತಿದ್ದ ಗಂಡಹೆಂಡಿರು ಕಿಟಕಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ನಮ್ಮಲ್ಲೇನೂ ಇಲ್ಲ, ಮುಂದೆ ಹೋಗಿ ಎಂದರು. ಅವರಿಬ್ಬರೂ ಒಂದೇ ಮಾತು ಆಡಿದ್ದನ್ನು ಬೀದಿ ಅವತ್ತೇ ಮೊದಲು ಕೇಳಿದ್ದು. ಇದನ್ನಾದರೂ ಕೇಸೆಂದು ಬರೆದುಕೊಳ್ಳಬಹುದೇ ಎಂದು ಇವನು ಕೇಳಿದ್ದಕ್ಕೆ ಮೇಲ್ವಿಚಾರಕಿ ಕಣ್ಣು ಮುಚ್ಚಿಕೊಂಡು ಹತ್ತು ಎಣಿಸಿದಳು.

ಕೊನೆಗೆ ಆಸ್ಪತ್ರೆಯ ಡಾಕ್ಟರೊಬ್ಬರು ಬರೆದು ಕಳಿಸಿದ ಚೀಟಿಯಿಂದ ಕೇಸು ಸಿಕ್ಕಿತು. ಅದೂ ಇವನ ಬೀದಿಯ ತುದಿಯ ಕಟ್ಟಡದಲ್ಲೇ, ಎರಡನೆಯ ಮಹಡಿಯಲ್ಲಿ. ನಿವೃತ್ತ ಮುಖ್ಯೋಪಾಧ್ಯಾಯಿನಿ. ಬೀದಿಯ ಅರ್ಧ ಜನರ ಕಿವಿ ಹಿಂಡಿದವರು, ಎಲ್ಲರ ಬಾಯಲ್ಲಿ ದೊಡ್ಡ ಟೀಚರ್. ಕಾಲು ಮುರಿದು, ಕೂಡಿ, ಎಂಟು ತಿಂಗಳಾದರೂ ಅವರು ಮೆಟ್ಟಿಲಿಳಿದಿರಲಿಲ್ಲ. ಕಾಲಿಗೇನೂ ಆಗಿಲ್ಲ ಎಂದು ಡಾಕ್ಟರು ಬರೆದಿದ್ದರು. ಗುರಿ: ಮೂವತ್ತನಾಲ್ಕು ಮೆಟ್ಟಿಲು ತಾವಾಗಿ ಇಳಿದು ಬೀದಿಗೆ ಬರುವುದು.

ಮೇಲ್ವಿಚಾರಕಿ ನಿಯಮ ಓದಿ ಹೇಳಿದಳು. ಗುರುವಾರ ನಾಲ್ಕರಿಂದ ಐದು, ಬೇರೆ ದಿನ ಆ ಕಡೆ ತಲೆ ಹಾಕುವ ಹಾಗಿಲ್ಲ. ಅಲ್ಲಿ ಏನೂ ತಿನ್ನುವ ಕುಡಿಯುವ ಹಾಗಿಲ್ಲ. ಸ್ನೇಹ ಬೆಳೆಸುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಆ ಕಟ್ಟಡದಲ್ಲಿ ಯಾರನ್ನು ನೋಡಲು ಹೋಗುತ್ತೇನೆ, ಯಾಕೆ ಎಂಬುದನ್ನು ಜೀವ ಹೋದರೂ ಬಾಯಿ ಬಿಡುವ ಹಾಗಿಲ್ಲ. ಫೈಲಿನಲ್ಲೂ ಹೆಸರಿರುವುದಿಲ್ಲ, ನಂಬರಿರುತ್ತದೆ. ಹೆಸರಿರುವ ಒಪ್ಪಿಗೆ ಪತ್ರ ಅವಳ ಬೀರುವಿನಲ್ಲಿ, ಬೀಗದ ಕೈ ಅವಳ ಪರ್ಸಿನಲ್ಲಿ.

ಸಮಾಧಾನಪ್ಪ ಎಂಟು ವರ್ಷದಲ್ಲಿ ಕಲಿತದ್ದನ್ನೆಲ್ಲ ತಪ್ಪುತಪ್ಪಾಗಿಯೇ ಮಾಡಿದವನು. ಈ ಒಂದನ್ನು ಮಾತ್ರ ಅಕ್ಷರಶಃ ಪಾಲಿಸಿದ. ಅವನ ಹಣೆಬರಹ ಕೆಟ್ಟದ್ದು ಅದರಿಂದಲೇ.

ಟೀಚರ್ ಮೊದಲ ದಿನವೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಷರಟಿನ ಗುಂಡಿ ಹಾಕಿಕೊ ಎಂದರು. ತಮ್ಮ ಬಗ್ಗೆ ಅವನು ಬರೆಯುವ ವರದಿಯನ್ನು ತಾವೇ ಓದಬೇಕು ಎಂದರು. ಓದುವ ಹಕ್ಕು ನಿಯಮದಲ್ಲೇ ಇತ್ತು, ಕೆಂಪು ಪೆನ್ನಿನಿಂದ ತಿದ್ದುವ ಹಕ್ಕು ಎಲ್ಲೂ ಇರಲಿಲ್ಲ. ಆದರೆ ಬೇಡವೆನ್ನುವ ಧೈರ್ಯ ಯಾರಿಗಿದೆ? ಮೊದಲ ವಾರ ಹೊಸ್ತಿಲು. ಮೂರನೆಯ ವಾರ ಎರಡು ಮೆಟ್ಟಿಲು. ಹತ್ತನೆಯ ವಾರ ಹದಿನಾರು. ಹದಿನೇಳನೆಯ ಮೆಟ್ಟಿಲು, ಅದು ನಡುವಿನ ತಿರುವು, ಅಲ್ಲಿಗೆ ಬಂದರೆ ಅವರ ಕೈಕೋಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಇಬ್ಬರೂ ಅಲ್ಲೇ ಕೂರುತ್ತಿದ್ದರು. ಕೂತು ಏನು ಮಾಡುವುದು? ಟೀಚರ್ ವರದಿ ತಿದ್ದುತ್ತಿದ್ದರು, ಇವನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ.

ಹದಿನೈದನೆಯ ವಾರ ಅವರು ಪೆನ್ನು ಕೆಳಗಿಟ್ಟು, ಗೋಡೆ ನೋಡುತ್ತ ಹೇಳಿದರು. ಬಿದ್ದದ್ದು ಇದೇ ಮೆಟ್ಟಿಲಿನಲ್ಲಿ. ಮಧ್ಯಾಹ್ನದಿಂದ ಸಂಜೆಯವರೆಗೆ ಇಲ್ಲೇ ಬಿದ್ದಿದ್ದರು. ಕೆಳಗಿನ ಅಂಗಡಿಯಲ್ಲಿ ದರ್ಜಿಯ ಮೆಷಿನ್ನು ಓಡುವುದು ಕೇಳುತ್ತಿತ್ತು. ಒಂದು ಸಲ ಕೂಗಿದ್ದರೆ ಸಾಕಿತ್ತು, ಕೂಗಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಸದ್ದು ಮಾಡಬೇಡಿ ಎಂದು ಹೇಳಿದ ಬಾಯಿ, ಆ ಸ್ಥಿತಿಯಲ್ಲಿ ತನ್ನನ್ನು ಯಾರಾದರೂ ನೋಡಿಬಿಟ್ಟಾರೆಂಬ ನಾಚಿಕೆಗೆ ತೆರೆಯಲೇ ಇಲ್ಲ. ಕತ್ತಲಾಗುವ ಹೊತ್ತಿಗೆ ತೆವಳಿಕೊಂಡು ಮೇಲೆ ಹೋಗಿದ್ದರು.

"ಇದು ಯಾರಿಗೂ ಗೊತ್ತಾಗಬಾರದು" ಎಂದರು.

"ಆಗಲ್ಲ ಟೀಚರ್" ಎಂದ ಸಮಾಧಾನಪ್ಪ. ಅವತ್ತಿನ ವರದಿಯಲ್ಲಿ "ಹವಾಮಾನದ ಬಗ್ಗೆ ಮಾತುಕತೆ" ಎಂದಷ್ಟೇ ಬರೆದ. ಮೊದಲ ಬಾರಿಗೆ ಟೀಚರ್ ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಈಗ ದರ್ಜಿಯ ವಿಷಯಕ್ಕೆ ಬರೋಣ. ಮೆಟ್ಟಿಲ ಬುಡದಲ್ಲೇ ಅವನ ಅಂಗಡಿ. ಕಾಜಾ ಹೊಲಿಯುತ್ತ ಕತ್ತು ಸ್ವಲ್ಪ ಹೊರಳಿಸಿದರೆ ನಡುವಿನ ತಿರುವಿನಲ್ಲಿ ಕೂತವರು ಮೋಟುಗೋಡೆಯ ಮೇಲಿಂದ ಸೊಗಸಾಗಿ ಕಾಣುತ್ತಾರೆ, ನೆಲದಲ್ಲಿ ಬಿದ್ದವರು ಮಾತ್ರ ಕಾಣುವುದಿಲ್ಲ. ಪ್ರತಿ ಗುರುವಾರ ಅವನು ನೋಡಿದ್ದೇನು? ಟೀಚರ್ ಎತ್ತರದ ಮೆಟ್ಟಿಲಲ್ಲಿ ಕೂತು ಕಾಗದ ನೋಡಿ ಏನೋ ಹೇಳುತ್ತಿದ್ದಾರೆ. ಸಮಾಧಾನಪ್ಪ ಕೆಳಗಿನ ಮೆಟ್ಟಿಲಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ, ಒಮ್ಮೊಮ್ಮೆ ಮೂಗು ಒರೆಸಿಕೊಳ್ಳುತ್ತಾನೆ. ಒಂದು ದಿನ ದರ್ಜಿ ತಡೆಯಲಾರದೆ ಏನು ಸಮಾಚಾರ ಎಂದು ಕೇಳಿಯೇ ಬಿಟ್ಟ.

"ಅದನ್ನ ಹೇಳೋ ಹಾಗಿಲ್ಲ" ಎಂದ ಸಮಾಧಾನಪ್ಪ, ಮುಖ ಗಂಭೀರ ಮಾಡಿಕೊಂಡು.

ಹೇಳೋ ಹಾಗಿಲ್ಲ ಎಂದಮೇಲೆ ಕೇಳುವವರಿಗೆ ಇನ್ನೇನು ಬೇಕು? ಅವತ್ತು ಸಂಜೆಯೊಳಗೆ ಬೀದಿಯ ಈ ತುದಿಯಿಂದ ಆ ತುದಿಗೆ ಗೊತ್ತಾಯಿತು. ಸಮಾಧಾನಪ್ಪನ ಮನಸ್ಸು ಕೆಟ್ಟಿದೆ. ವಯಸ್ಸು ಮೀರಿ ಓದಿ ಓದಿ ತಲೆಗೇರಿದೆ. ಪುಣ್ಯಕ್ಕೆ ದೊಡ್ಡ ಟೀಚರ್ ವಾರಕ್ಕೊಮ್ಮೆ ಕರೆಸಿ ಬುದ್ಧಿ ಹೇಳುತ್ತಿದ್ದಾರೆ. ಅಷ್ಟು ದೊಡ್ಡ ಹೆಂಗಸು, ಕಾಲುನೋವಿದ್ದರೂ ಅರ್ಧದಷ್ಟು ಮೆಟ್ಟಿಲು ಇಳಿದು ಬರುತ್ತಾರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಎದುರುಮನೆಯಾಕೆ ಅವನ ಹೆಂಡತಿಯನ್ನು ಗೇಟಿನ ಹತ್ತಿರ ಹಿಡಿದು, ಕೈ ಸವರುತ್ತ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಹೆಂಡತಿಗೆ ತಲೆಬುಡ ತಿಳಿಯಲಿಲ್ಲ. ತಿಳಿದಮೇಲೆ ನೇರ ಒಳಗೆ ಬಂದು ಗಂಡನೆದುರು ನಿಂತಳು. ಗುರುವಾರ ಗುರುವಾರ ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಅವನು ಹೇಳುವ ಹಾಗಿಲ್ಲ ಎಂದ.

"ನಂಗೂನಾ?"

"ನಿಂಗಂತೂ ಹೇಳೋ ಹಾಗೇ ಇಲ್ಲ ಕಣೆ. ಮನೆಯವರಿಗೆ ಖಂಡಿತ ಹೇಳಬಾರದು ಅಂತ ಪುಸ್ತಕದಲ್ಲಿದೆ."

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಅವತ್ತು ಅಡುಗೆಮನೆಗೆ ಹೋಗಿ ಸುಮ್ಮನೆ ಅತ್ತಳು. ಅತ್ತದ್ದು ಎದುರುಮನೆಗೆ ಕೇಳಿಸಿತು. ಮರುದಿನ ಅವಳ ತಮ್ಮ ಪೆಟ್ಟಿಗೆ ಸಮೇತ ಬಂದಿಳಿದ. ಈ ಭಾವಮೈದ ಸಿಮೆಂಟು ಮಾರುವವನು, ಯಾವುದನ್ನಾದರೂ ಗಟ್ಟಿಯಾಗಿ ಹಿಡಿದರೆ ಬಿಡುವವನಲ್ಲ. ಬಂದವನೇ ಭಾವನ ಗಡ್ಡ ಕೆರೆಯುವ ಬ್ಲೇಡನ್ನು ತನ್ನ ಜೇಬಿಗೆ ಹಾಕಿಕೊಂಡ, ಟೆರೇಸಿನ ಬಾಗಿಲಿಗೆ ಬೀಗ ಜಡಿದ, ಮಾತಿಗೊಮ್ಮೆ ನಾವೆಲ್ಲ ಇದ್ದೀವಿ ಭಾವ ಎನ್ನುತ್ತ ಬೆನ್ನು ತಟ್ಟಿದ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಹಾಡು ಹೇಳು ಎನ್ನುತ್ತಿದ್ದ. ಹಾಡು ನಿಂತರೆ ಬಾಗಿಲು ಬಡಿಯುತ್ತಿದ್ದ. ಸಮಾಧಾನಪ್ಪನಿಗೆ ಬರುತ್ತಿದ್ದದ್ದು ಒಂದೇ ಹಾಡು. ಗಡ್ಡ ಬೆಳೆಯಿತು. ಗಡ್ಡ ಬೆಳೆದದ್ದನ್ನು ನೋಡಿ ಬೀದಿಗೆ ಇದ್ದಬದ್ದ ಅನುಮಾನವೂ ಹೋಯಿತು.

ನಿಲ್ದಾಣದ ಮ್ಯಾನೇಜರಿಗೂ ಸುದ್ದಿ ಮುಟ್ಟಿ, ಅವನನ್ನು ಕಿಟಕಿಯಿಂದ ಎಬ್ಬಿಸಿ ಹಿಂದಿನ ಕೋಣೆಗೆ ಹಾಕಿದರು. ಜನರ ಜೊತೆ ಮಾತು ಬೇಡ, ಕೊಡೆಗಳನ್ನು ಮಾತ್ರ ನೋಡಿಕೊಳ್ಳಿ, ಆರೋಗ್ಯ ಮುಖ್ಯ ಎಂದರು. ಕಷ್ಟ ಕೇಳುವುದನ್ನು ಕಲಿಯಲು ಎಂಟು ವರ್ಷ ಓದಿದವನು ಇನ್ನೂರು ಕೊಡೆಗಳ ಮಧ್ಯೆ ಒಬ್ಬನೇ ಕೂತ. ನಿಜ ಹೇಳಬೇಕೆಂದರೆ ಆಗ ಅವನಿಗೂ ಅಳು ಬಂತು. ಒಂದು ಮಾತು ಬಾಯಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಬಿಡಲಿಲ್ಲ. ಇನ್ನೆರಡು ವಾರ, ಇನ್ನೆರಡೇ ವಾರ ಎಂದು ಕೊಡೆಗಳಿಗೆ ಹೇಳಿಕೊಂಡ.

ಅಷ್ಟರಲ್ಲಿ ಮಂಡಳಿಯ ಪರಿಶೀಲನಾಧಿಕಾರಿ ಬಂದರು. ಪ್ರತಿಯೊಂದು ಕೇಸಿಗೂ ಹೀಗೆ ಒಬ್ಬರು ಬಂದು, ಭೇಟಿಗಳು ನಿಜವಾಗಿ ನಡೆಯುತ್ತಿವೆಯೇ ಎಂದು ಸುತ್ತಮುತ್ತ ವಿಚಾರಿಸಿ ಹೋಗುವುದು ಪದ್ಧತಿ. ಯಾರದು ಕೇಸೆಂದು ಅವರೂ ಕೇಳಬಾರದು. ಅಧಿಕಾರಿ ದರ್ಜಿಯ ಅಂಗಡಿಯಲ್ಲಿ ಸ್ಟೂಲೆಳೆದು ಕೂತು, ಗುರುವಾರಗಳಂದು ಇಲ್ಲಿ ಸಮಾಜಕಾರ್ಯ ನಡೆಯುತ್ತಿದೆಯೇ ಎಂದು ಕೇಳಿದರು.

"ಅಯ್ಯೋ, ತಪ್ಪದೆ ನಡೆಯತ್ತೆ ಸರ್. ದೊಡ್ಡ ಟೀಚರ್ ಎಷ್ಟು ಚೆನ್ನಾಗಿ ಮಾಡ್ತಾರೆ ಅಂತೀರಿ! ಈ ಮನುಷ್ಯ ಮೊದಲಿಗಿಂತ ಈಗ ಎಷ್ಟೋ ವಾಸಿ."

ಎದುರುಮನೆಯಾಕೆ ಅದಕ್ಕೆ ಹೌದು ಹೌದು ಎಂದಳು. ಭಾವಮೈದ ಕರೆಯದೇ ಬಂದು ಬ್ಲೇಡನ್ನು ಸಾಕ್ಷಿಯಾಗಿ ಜೇಬಿನಿಂದ ತೆಗೆದು ತೋರಿಸಿದ. ಅಧಿಕಾರಿ ನಾಲ್ಕು ಪುಟ ಬರೆದುಕೊಂಡರು.

ವಾರದೊಳಗೆ ಎರಡು ನೋಟಿಸು ಬಂತು. ಟೀಚರಿಗೆ: ಲೈಸೆನ್ಸಿಲ್ಲದೆ ಸಮಾಜಕಾರ್ಯ ನಡೆಸುತ್ತಿರುವ ಬಗ್ಗೆ. ಸಮಾಧಾನಪ್ಪನಿಗೆ: ತನ್ನ ಚಿಕಿತ್ಸೆಯನ್ನೇ ತನ್ನ ಕೇಸೆಂದು ತೋರಿಸಿ ಮಂಡಳಿಗೆ ಮೋಸ ಮಾಡಿದ ಬಗ್ಗೆ. ಇಬ್ಬರೂ ಸೋಮವಾರ ಹನ್ನೊಂದು ಗಂಟೆಗೆ ಖುದ್ದಾಗಿ ಹಾಜರಾಗತಕ್ಕದ್ದು, ಸಾಕ್ಷಿಗಳನ್ನೂ ಕರೆಸಲಾಗಿದೆ. ಆ ವಾರದ ಶನಿವಾರ ಅವನಿಗೆ ಐವತ್ತೈದು ತುಂಬುತ್ತಿತ್ತು.

ಮೇಲ್ವಿಚಾರಕಿ ನೋಟಿಸು ಓದಿ ಹಣೆ ಒತ್ತಿಕೊಂಡಳು. ಸೋಮವಾರ ಹನ್ನೆರಡರವರೆಗೆ ಅವಳು ಒಂದು ಮಗುವಿನ ಕೇಸಿಗಾಗಿ ಕೋರ್ಟಿನಲ್ಲಿರಬೇಕು. ಮುಗಿದ ತಕ್ಷಣ ಬೀಗದ ಕೈ, ಒಪ್ಪಿಗೆ ಪತ್ರ ಎಲ್ಲ ಹಿಡಿದು ಬರುತ್ತೇನೆ, ಅಧಿಕಾರಿಯನ್ನು ಒಳಗೆ ಕೂರಿಸಿಕೊಂಡು ಗುಟ್ಟಾಗಿ ಹೇಳಿದರೆ ಎರಡು ನಿಮಿಷದ ಕೆಲಸ ಎಂದಳು.

"ಅಲ್ಲಿವರೆಗೆ ವಿಚಾರಣೆ ಮುಂದಕ್ಕೆ ಹಾಕಿ ಅಂತ ನೀವು ವಾಯಿದೆ ಕೇಳಿ ಸರ್. ವಾಯಿದೆ ಅನ್ನೋದು ಬಿಟ್ಟು ಇನ್ನೊಂದು ಮಾತು ಆಡಬೇಡಿ. ದಯವಿಟ್ಟು."

ಸೋಮವಾರ ಬೆಳಿಗ್ಗೆ ಸಮಾಧಾನಪ್ಪ ಬೀದಿಯ ಆಚೆ ಬದಿಯಲ್ಲಿ, ಟೀಚರ ಕಟ್ಟಡಕ್ಕೆ ಬೆನ್ನು ಮಾಡಿ ನಿಂತಿದ್ದ. ಗುರುವಾರವಲ್ಲದ್ದರಿಂದ ಆ ಕಡೆ ನೋಡುವ ಹಾಗಿರಲಿಲ್ಲ. ಕಿವಿಗೆ ಮಾತ್ರ ಯಾವ ನಿಯಮವೂ ಇರಲಿಲ್ಲ. ಮೇಲಿನಿಂದ ಕೈಕೋಲಿನ ಸದ್ದು ಶುರುವಾಯಿತು. ಹದಿನಾರು ಎಣಿಸಿದ. ಹದಿನೇಳಕ್ಕೆ ಸದ್ದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಇವನ ಕೈ ಬೆವತು ನೋಟಿಸು ಒದ್ದೆಯಾಯಿತು. ಓಡಿಹೋಗಿ ಕೈ ಕೊಡಬೇಕೆಂದು ಜೀವ ಒದ್ದಾಡಿತು, ಹಾಳು ಸೋಮವಾರ. ಆಮೇಲೆ ಹದಿನೆಂಟನೆಯ ಸದ್ದು ಬಂತು. ಹತ್ತೊಂಬತ್ತು, ಇಪ್ಪತ್ತು. ಮೂವತ್ತನಾಲ್ಕು ಆಗುವ ಹೊತ್ತಿಗೆ ಅವನು ಗೋಡೆ ನೋಡಿಕೊಂಡು ಮಗುವಿನ ಹಾಗೆ ಅಳುತ್ತಿದ್ದ, ಅಷ್ಟು ಸಂತೋಷ. ಗುರಿ ಮುಟ್ಟಿತ್ತು. ಅದನ್ನು ಜಗತ್ತಿನಲ್ಲಿ ಯಾರೊಬ್ಬರಿಗೂ ಹೇಳುವ ಹಾಗಿರಲಿಲ್ಲ. ಪಕ್ಕದಲ್ಲಿದ್ದ ಭಾವಮೈದ ಗಾಬರಿಯಿಂದ ಅಕ್ಕನಿಗೆ ಸನ್ನೆ ಮಾಡಿದ.

ಬಸ್ಸಿನುದ್ದಕ್ಕೂ ಸಮಾಧಾನಪ್ಪ ವಾಯಿದೆ, ವಾಯಿದೆ ಎಂದು ಗೊಣಗುತ್ತಲೇ ಇದ್ದ. ಅವನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಮಂಡಳಿಯಲ್ಲಿ ಸಿಬ್ಬಂದಿ ಕೊರತೆ. ಹೀಗಾಗಿ ತನಿಖೆ ಮಾಡಿದ ಅಧಿಕಾರಿಯೇ ವಿಚಾರಣೆಗೂ ಕೂತಿದ್ದರು. ಉದ್ದ ಕೋಣೆ, ಒಂದು ಮೇಜು, ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ತುಂಬ ಇವನ ಬೀದಿ. ಸಮಾಧಾನಪ್ಪ ವಾಯಿದೆ ಎನ್ನಲು ಬಾಯಿ ತೆರೆದ. ನಿಮ್ಮ ಸರದಿ ಬಂದಾಗ ಮಾತಾಡಿ ಎಂದು ಅಧಿಕಾರಿ ಕೈ ತೋರಿಸಿ, ಟೀಚರ ಕಡೆ ತಿರುಗಿದರು. ಈ ವ್ಯಕ್ತಿಗೆ ತಾವು ಸಲಹೆ, ಸಾಂತ್ವನ ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದರು. ಟೀಚರ್ ಇಲ್ಲ ಎಂದರು.

"ಮತ್ತೆ ಪ್ರತಿ ಗುರುವಾರ ಯಾಕೆ ಬರ್ತಾರೆ?"

ಬೆಂಚಿನ ಮೇಲಿದ್ದವರು ಕತ್ತು ಮುಂದೆ ಚಾಚಿದರು.

"ನೀವು ಅವರಿಗೆ ಕೊಟ್ಟಿಲ್ಲ ಅಂದ್ರೆ, ಅವರೇ ನಿಮಗೆ... ಅಂದ್ರೆ ಮೇಡಂ, ತಾವೇ ಏನಾದರೂ..."

ಸಮಾಧಾನಪ್ಪ ನೋಡಿದ. ಟೀಚರ್ ಎರಡೂ ಕೈಯಿಂದ ಕೈಕೋಲನ್ನು ಅವುಚಿ ಹಿಡಿದಿದ್ದರು. ಇಡೀ ಬೀದಿ ಆ ಕೈಗಳನ್ನೇ ನೋಡುತ್ತಿತ್ತು. ಅವನ ತಲೆಯಲ್ಲಿ ವಾಯಿದೆ ಎಂಬ ಪದ ಎಲ್ಲಿತ್ತೋ, ಅಲ್ಲಿ ಈಗ ಏನೂ ಇರಲಿಲ್ಲ. ದಡಬಡ ಎದ್ದು ನಿಂತ.

"ನಾನೇ ಸರ್. ಕೇಸು ನಾನೇ. ತಲೆ ಕೆಟ್ಟಿದ್ದು ನಂದೇ."

ಅಧಿಕಾರಿ ಸಂತೋಷದಿಂದ ಬರೆದುಕೊಂಡರು. ತಾವು ಮೊದಲೇ ಊಹಿಸಿದ್ದಾಗಿ ಹೇಳಿದರು. ಅಲ್ಲಿಗೆ ಮೇಡಂ ಲೈಸೆನ್ಸಿಲ್ಲದೆ ಕಾರ್ಯ ನಡೆಸಿದ್ದು ಸಾಬೀತಾಯಿತು, ದಂಡ ಎಷ್ಟೆಂದು ನೋಡಬೇಕು ಎಂದು ಪುಸ್ತಕ ತಿರುವತೊಡಗಿದರು. ಸಮಾಧಾನಪ್ಪ ಬೆಪ್ಪಾದ. ಈ ಬಾಗಿಲು ಮುಚ್ಚಿದರೆ ಆ ಬಾಗಿಲು ತೆರೆಯುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಅವರೇನೂ ಕೊಟ್ಟಿಲ್ಲ ಸರ್" ಎಂದ.

"ಮತ್ತೆ ನೀವು ಏನು ತಗೊಂಡ್ರಿ?"

"ನಾನೂ ಏನೂ ತಗೊಂಡಿಲ್ಲ ಸರ್."

"ಕೊಟ್ಟೋರೂ ಇಲ್ಲ, ತಗೊಂಡೋರೂ ಇಲ್ಲ. ಇಷ್ಟು ವಾರ ಆ ಮೆಟ್ಟಿಲ ಮೇಲೆ ನಡೆದದ್ದಾದರೂ ಏನು?"

ಸಮಾಧಾನಪ್ಪ ಬೆವರು ಒರೆಸಿಕೊಂಡ. "ಅದನ್ನ ಹೇಳೋ ಹಾಗಿಲ್ಲ ಸರ್" ಎಂದ.

ಆಗ ಟೀಚರ್ ಎದ್ದರು. ಮೂವತ್ತೈದು ವರ್ಷದ ಅಭ್ಯಾಸ, ಅವರು ಎದ್ದರೆ ಕೋಣೆ ತಾನಾಗಿ ಸುಮ್ಮನಾಗುತ್ತದೆ. ಅಧಿಕಾರಿಯೂ ಪುಸ್ತಕ ಮುಚ್ಚಿದರು. ಟೀಚರ್ ಮೊದಲು ಸಮಾಧಾನಪ್ಪನಿಗೆ ಕೂತುಕೋ ಎಂದರು. ಆಮೇಲೆ ಬೆಂಚಿನ ಕಡೆ ತಿರುಗಿ, ಪಾಠ ಹೇಳುವ ದನಿಯಲ್ಲೇ, ಎಲ್ಲವನ್ನೂ ಹೇಳಿದರು. ಬಿದ್ದದ್ದು, ಮಧ್ಯಾಹ್ನದಿಂದ ಸಂಜೆಯವರೆಗೆ ಬಿದ್ದೇ ಇದ್ದದ್ದು, ನಾಚಿಕೆಯಿಂದ ಕೂಗದೆ ಇದ್ದದ್ದು, ಆಮೇಲೆ ಮೆಟ್ಟಿಲು ಕಂಡರೆ ಕೈಕಾಲು ತಣ್ಣಗಾಗುತ್ತಿದ್ದದ್ದು.

"ಕೇಸು ನಾನು. ಇವನು ವಾರಾ ವಾರಾ ಬಂದು ನನ್ನ ಜೊತೆ ಕೂತ. ಇವತ್ತು ನಾನು ಇಳಿದು ಬಂದಿದ್ದೀನಿ. ನೀವೆಲ್ಲ ಇವನಿಗೆ ಹುಚ್ಚು ಅಂದ್ರಿ, ಇವನು ಅನ್ನಿಸ್ಕೊಂಡ. ನನ್ನ ಹೆಸರು ಹೇಳಲಿಲ್ಲ."

ದರ್ಜಿ ಕೈಯಲ್ಲಿದ್ದ ಟೇಪನ್ನು ಸುತ್ತುತ್ತ, ಬಿಚ್ಚುತ್ತ, "ಒಂದು ಸಲ ಕೂಗಬಾರದಿತ್ತಾ ಟೀಚರ್, ನಾನು ಅಲ್ಲೇ ಇದ್ನಲ್ಲ" ಎಂದ. ಎದುರುಮನೆಯಾಕೆ ನೆಲ ನೋಡಿದಳು. ಭಾವಮೈದ ಜೇಬಿನಿಂದ ಬ್ಲೇಡು ತೆಗೆದು, ಯಾರಿಗೆ ಕೊಡುವುದೆಂದು ತಿಳಿಯದೆ, ಮತ್ತೆ ಜೇಬಿಗೇ ಹಾಕಿಕೊಂಡ. ಸಮಾಧಾನಪ್ಪನ ಹೆಂಡತಿ ಮಾತ್ರ ಗಂಡನ ಗಡ್ಡದ ಮುಖವನ್ನೇ ನೋಡುತ್ತ ಕೂತಳು.

ಅಧಿಕಾರಿ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಕೇಸು ಅಚ್ಚುಕಟ್ಟಾಗಿದೆ, ಗುರಿ ಮುಟ್ಟಿದೆ, ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಗುಟ್ಟನ್ನು ಹೀಗೆ ಕಾಪಾಡಿದವರನ್ನು ಕಂಡಿಲ್ಲ ಎಂದರು. ಟೀಚರ ಮೇಲಿನ ನೋಟಿಸನ್ನು ಅಲ್ಲೇ ಹರಿದರು. ಸಮಾಧಾನಪ್ಪನಿಗೆ ಉಸಿರು ಬಂದಂತಾಯಿತು. ಆಮೇಲೆ ಅಧಿಕಾರಿ ತಾವು ಸ್ವಲ್ಪ ಮೊದಲು ಬರೆದುಕೊಂಡ ಸಾಲನ್ನು ನೋಡಿದರು.

"ಆದರೆ ಕೇಸು ನಾನೇ ಅಂತ ಹೇಳಿಕೆ ಕೊಟ್ಟುಬಿಟ್ಟಿದ್ದೀರಲ್ಲ. ಸುಳ್ಳು ಹೇಳಿಕೆ. ನಿಯಮ ಹದಿನೆಂಟು. ನನ್ನ ಕೈಲಿ ಏನೂ ಇಲ್ಲ."

ನಿಯಮ ಹದಿನೆಂಟರ ಪ್ರಕಾರ ಅರ್ಜಿ ರದ್ದು. ಮತ್ತೆ ಪರೀಕ್ಷೆಯಿಂದ ಶುರುಮಾಡಬಹುದು, ಐವತ್ತೈದು ತುಂಬಿರದಿದ್ದರೆ. ಶನಿವಾರಕ್ಕೆ ಐದು ದಿನವಿತ್ತು. ಅಧಿಕಾರಿ ಆದೇಶವನ್ನು ಓದಿದರು, ಕೊನೆಯ ಸಾಲು ಓದುವಾಗ ದನಿ ತಗ್ಗಿಸಿದರು: ಇಂದಿನಿಂದ ಮಂಡಳಿಯ ಯಾವ ನಡತೆಯ ನಿಯಮವೂ ಸದರಿಯವರಿಗೆ ಅನ್ವಯಿಸುವುದಿಲ್ಲ. ಮೊಹರು ಬಿತ್ತು. ಗಡಿಯಾರದಲ್ಲಿ ಹನ್ನೆರಡು ಹೊಡೆದು ಹತ್ತು ನಿಮಿಷವಾಗಿತ್ತು. ಮೇಲ್ವಿಚಾರಕಿ ಏದುಸಿರು ಬಿಡುತ್ತ, ಕೈಯಲ್ಲಿ ಒಪ್ಪಿಗೆ ಪತ್ರ ಹಿಡಿದು, ಒಳಗೆ ಓಡಿ ಬಂದಳು. ವಾಯಿದೆ ಕೇಳಿದ್ರಾ ಸರ್ ಎಂದಳು. ಮೇಜಿನ ಮೇಲಿದ್ದ ಆದೇಶದ ಮೊಹರು ನೋಡಿ, ಅಲ್ಲೇ ಗೋಡೆಗೆ ಒರಗಿದಳು.

ಹೊರಗೆ ಬಾಗಿಲ ಪಕ್ಕದ ಬೆಂಚಿನಲ್ಲಿ ಸಮಾಧಾನಪ್ಪ ಕೂತ. ಎಂಟು ವರ್ಷ. ಹೆಂಡತಿ ಪಕ್ಕದಲ್ಲಿ ಕೂತು, ಅಲ್ಲಿ ಏನೂ ಹೇಳದೆ ಸುಮ್ಮನೆ ಕೂತಿದ್ದರೆ ಆಗುತ್ತಿರಲಿಲ್ಲವೇ, ಎಂಟು ವರ್ಷ ಓದಿ ಆಡಿದ್ದು ಒಂದೇ ಒಂದು ಸುಳ್ಳು, ಅದನ್ನು ಅಲ್ಲೇ ಆಡಬೇಕಿತ್ತೇ ಎಂದಳು. ಬೈಯಲು ಶುರುಮಾಡಿದವಳು ಮಧ್ಯದಲ್ಲೇ ನಿಲ್ಲಿಸಿ ಅವನ ಕೈ ಹಿಡಿದುಕೊಂಡಳು. ಬೀದಿಯವರು ಒಬ್ಬೊಬ್ಬರಾಗಿ ಅವನ ಮುಂದೆಯೇ ಹಾದು ಬಸ್ ಸ್ಟಾಪಿಗೆ ಹೋದರು.

ಟೀಚರ್ ಕೊನೆಯಲ್ಲಿ ಬಂದರು. ಕೈಕೋಲು ಊರಿ ಬೆಂಚಿನ ಈ ಬದಿಗೆ ಕೂತರು.

"ನಂಗೆ ಲೈಸೆನ್ಸು ಬೇಕಿತ್ತು ಟೀಚರ್" ಎಂದ ಸಮಾಧಾನಪ್ಪ. ಅಷ್ಟು ಹೇಳಿ ಮುಖ ಮುಚ್ಚಿಕೊಂಡ.

"ಗೊತ್ತು" ಎಂದರು ಟೀಚರ್. ಅವನ ಅಳು ಮುಗಿಯುವವರೆಗೆ ಕಾದರು. ಆಮೇಲೆ, "ನಾಳೆ ಮನೆಗೆ ಬಾ. ಇವಳನ್ನೂ ಕರ್ಕೊಂಡು ಬಾ" ಎಂದರು.

"ನಾಳೆ ಗುರುವಾ‌ರ ಅಲ್ಲ ಟೀಚರ್."

"ಗೊತ್ತು ಕಣೋ" ಎಂದರು ಟೀಚರ್.